ಕಳಿಸಿದ್ದು ಒಂದು, ಕೇಳಿಸಿದ್ದು ಇನ್ನೊಂದು: ಎಐ ಏಜೆಂಟನ್ನು ಫೋನ್ ಲೈನಿಗೆ ಜೋಡಿಸಿದ ಒಂದು ಪ್ರಕರಣ

ಹಿನ್ನೆಲೆ

ಮನೆಬಳಕೆಯ ಯಂತ್ರಗಳನ್ನು ರಿಪೇರಿ ಮಾಡಿಕೊಡುವ ಒಂದು ಸಂಸ್ಥೆಯ ಪ್ರಕರಣ ಇದು. ಸಂಸ್ಥೆಯ ಹೆಸರಾಗಲಿ, ಅವರು ಬಳಸಿದ ಪ್ಲಾಟ್‌ಫಾರ್ಮಿನ ಹೆಸರಾಗಲಿ ಇಲ್ಲಿ ಬರುವುದಿಲ್ಲ. ಮಾತುಕತೆಯ ತುಣುಕುಗಳಲ್ಲೂ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಜೋಡಣೆಯ ವಿನ್ಯಾಸ ಪರಿಶೀಲಿಸಲು ನಾನು ಆ ತಂಡದ ಜೊತೆ ಕೂತಿದ್ದೆ. ಅವರು ಎದುರಿಸಿದ ತೊಂದರೆ ಅವರೊಬ್ಬರದೇ ಅಲ್ಲ. ಧ್ವನಿಯಲ್ಲಿ ಮಾತಾಡುವ ಏಜೆಂಟನ್ನು, ಅಂದರೆ ತಾನೇ ಮಾತಾಡಿ ಕೆಲಸವನ್ನೂ ಮಾಡಿಕೊಡುವ ಎಐ ಪ್ರೋಗ್ರಾಮನ್ನು, ಫೋನಿಗೆ ಕಟ್ಟುವ ಯಾರಿಗಾದರೂ ಇದು ಎದುರಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಸಂಸ್ಥೆಗೆ ಬರುವ ಕರೆಗಳು ಹೆಚ್ಚಾಗಿ ಒಂದೇ ಬಗೆಯವು. ವಾಷಿಂಗ್ ಮಷೀನ್ ನಿಂತಿದೆ, ಫ್ರಿಜ್ ತಣ್ಣಗಾಗುತ್ತಿಲ್ಲ, ಯಾವಾಗ ಬರ್ತೀರಿ? ಅಥವಾ, ನಾಳೆ ಬರ್ತೀವಿ ಅಂದಿದ್ದಿರಿ, ನಾಳೆ ನಾವು ಮನೆಯಲ್ಲಿರಲ್ಲ, ಬೇರೆ ದಿನ ಹಾಕಿ. ಈ ಎರಡನೇ ಬಗೆಯ ಕರೆಗಳೇ ಜಾಸ್ತಿ. ಕೆಲಸ ದೊಡ್ಡದಲ್ಲ, ಆದರೆ ಕಾಯುವ ಸಾಲು ಉದ್ದ. ದಿನ ಬದಲಿಸುವ ಕರೆಗಳನ್ನಾದರೂ ಏಜೆಂಟ್ ನೋಡಿಕೊಂಡರೆ, ಸಿಬ್ಬಂದಿಗೆ ನಿಜವಾದ ದೂರುಗಳನ್ನು ಕೇಳಿಸಿಕೊಳ್ಳಲು ಸಮಯ ಸಿಗುತ್ತದೆ. ಯೋಚನೆ ಸರಿಯಾಗಿಯೇ ಇತ್ತು.

ಅವರ ಫೋನ್ ನಂಬರ್, ಎಸ್‌ಎಂಎಸ್, ವಾಟ್ಸಾಪ್ ಎಲ್ಲವೂ ಮೊದಲಿನಿಂದಲೂ ಕರೆ, ಮೆಸೇಜುಗಳನ್ನು ಇಂಟರ್ನೆಟ್ ಮೂಲಕ ನಡೆಸಿಕೊಡುವ ಒಂದು ಕ್ಲೌಡ್ ಕಮ್ಯುನಿಕೇಶನ್ ಪ್ಲಾಟ್‌ಫಾರ್ಮಿನ ಮೇಲೆ ಇದ್ದವು. ಟ್ವಿಲಿಯೊ, ಪ್ಲಿವೊ, ವೋನೇಜ್ ಇಂಥವುಗಳ ಪೈಕಿ ಯಾವುದನ್ನು ತೆಗೆದುಕೊಂಡರೂ ಒಳಗಿನ ನಡೆ ಹೆಚ್ಚುಕಡಿಮೆ ಒಂದೇ. ಕರೆ ಬಂದ ಕೂಡಲೇ ಪ್ಲಾಟ್‌ಫಾರ್ಮ್ ನಿಮ್ಮ ಸರ್ವರಿಗೆ ಒಂದು ವಿನಂತಿ ಕಳಿಸುತ್ತದೆ. ಇದಕ್ಕೆ ವೆಬ್‌ಹುಕ್ ಅಂತ ಹೆಸರು. ಇಂಥ ನಂಬರಿನಿಂದ ಕರೆ ಬಂದಿದೆ, ಏನು ಮಾಡಲಿ ಅಂತ ಅದು ಕೇಳುತ್ತದೆ. ಈ ಧ್ವನಿ ನುಡಿಸು, ಒತ್ತಿದ ಅಂಕಿ ತಗೋ, ಆ ನಂಬರಿಗೆ ಜೋಡಿಸು ಅಂತ ಸರ್ವರ್ ಉತ್ತರ ಕೊಡುತ್ತದೆ. ‘ಒಂದು ಒತ್ತಿ, ಎರಡು ಒತ್ತಿ’ ವ್ಯವಸ್ಥೆ ನಡೆಯುವುದು ಹೀಗೆ.

ಏಜೆಂಟ್ ಬಂದಾಗ ಇನ್ನೊಂದು ದಾರಿ ಬೇಕಾಗುತ್ತದೆ. ಧ್ವನಿಯನ್ನೇ ಹರಿಸಿ ಅಂತ ಸರ್ವರ್ ಹೇಳುತ್ತದೆ. ಆಗ ಒಂದು ವೆಬ್‌ಸಾಕೆಟ್ (ಎರಡೂ ಕಡೆಗೆ ಸತತ ತೆರೆದಿರುವ ಸಂಪರ್ಕ) ತೆರೆದುಕೊಂಡು, ಕರೆ ಮಾಡಿದವರ ಮಾತು ಚಿಕ್ಕ ಚಿಕ್ಕ ತುಂಡುಗಳಾಗಿ ಬರಲು ಶುರುವಾಗುತ್ತದೆ. ಸಾಮಾನ್ಯವಾಗಿ ಒಂದು ತುಂಡು 20 ಮಿಲಿಸೆಕೆಂಡಿನದು. ಸೆಕೆಂಡಿಗೆ ಧ್ವನಿಯ 8,000 ಸ್ಯಾಂಪಲ್, ಸ್ಯಾಂಪಲ್ಲಿಗೆ ಒಂದು ಬೈಟ್. ಅಂದರೆ ತುಂಡಿಗೆ 160 ಬೈಟ್. ಇದು ಜಿ.711 ಅನ್ನುವ 1972ರ ಟೆಲಿಫೋನ್ ಮಾನಕದ ಲೆಕ್ಕ. ಏಜೆಂಟ್ ಎಷ್ಟೇ ಹೊಸದಿದ್ದರೂ, ಅದಕ್ಕೆ ಸಿಗುವ ಧ್ವನಿ ಮಾತ್ರ ಆ ಹಳೆಯ ಕಿರಿದಾದ ಕೊಳವೆಯಿಂದಲೇ ಬರುತ್ತದೆ.

ತಂಡ ಮೂರು ಹಂತದ ದಾರಿ ಆರಿಸಿಕೊಂಡಿತು. ಧ್ವನಿಯನ್ನು ಪಠ್ಯ ಮಾಡುವುದು, ಆ ಪಠ್ಯವನ್ನು ಭಾಷಾ ಮಾದರಿಗೆ (ಪಠ್ಯ ಓದಿ ಉತ್ತರ ಬರೆಯುವ ಎಐಗೆ) ಕೊಡುವುದು, ಅದರ ಉತ್ತರವನ್ನು ಮತ್ತೆ ಧ್ವನಿ ಮಾಡಿ ಲೈನಿಗೆ ಬಿಡುವುದು. ಧ್ವನಿಯಿಂದ ನೇರವಾಗಿ ಧ್ವನಿಗೆ ಹೋಗುವ ಮಾದರಿಗಳೂ ಇವೆ. ಆದರೆ ಪ್ರತಿ ಹಂತದಲ್ಲೂ ಓದಿ ನೋಡಬಹುದಾದ ಪಠ್ಯ ಕೈಯಲ್ಲಿರಲಿ ಅಂತ ಇವರು ಇದನ್ನು ಆರಿಸಿದರು. ಬುಕಿಂಗ್ ಬದಲಿಸುವಂಥ ಕೆಲಸಕ್ಕೆ ನಾನೂ ಇದನ್ನೇ ಹೇಳುತ್ತಿದ್ದೆ.

ಬಿಡುವ ಮೊದಲೇ ಸಿಕ್ಕಿದ್ದು

ಮಾದರಿಯೊಂದು ತಾನೇ ಕೆಲಸ ಮಾಡಬೇಕಾದರೆ ಅದಕ್ಕೆ ಟೂಲ್‌ಗಳು, ಅಂದರೆ ಹೊರಗಿನ ಕೆಲಸ ಮಾಡಿಸಿಕೊಳ್ಳುವ ಸಲಕರಣೆಗಳು ಬೇಕು. 2023ರಿಂದ ಮಾದರಿಗಳ ಎಪಿಐಗಳಲ್ಲೇ (ಒಂದು ಪ್ರೋಗ್ರಾಂ ಇನ್ನೊಂದರಿಂದ ಕೆಲಸ ಕೇಳುವ ದಾರಿ) ಈ ಸೌಲಭ್ಯ ಬರತೊಡಗಿತು. 2024ರ ನವೆಂಬರಿನಲ್ಲಿ ಎಂಸಿಪಿ ಅನ್ನುವ ಮುಕ್ತ ಮಾನಕ ಬಂದ ಮೇಲೆ ಯಾವ ಎಪಿಐಯನ್ನಾದರೂ ಏಜೆಂಟಿಗೆ ಜೋಡಿಸುವುದು ಇನ್ನೂ ಸಲೀಸಾಗಿದೆ. ಸಲೀಸಾದದ್ದೇ ಇಲ್ಲಿ ಮೊದಲ ಅಪಾಯವೂ ಆಯಿತು. ಮೊದಲ ಕರಡಿನಲ್ಲಿ ಏಜೆಂಟಿಗೆ ಒಂದೇ ದೊಡ್ಡ ಟೂಲ್ ಕೊಟ್ಟಿದ್ದರು: ಪ್ಲಾಟ್‌ಫಾರ್ಮಿನ ಯಾವ ಎಪಿಐಯನ್ನಾದರೂ ಕರೆಯಬಹುದು. ಪಾಸ್‌ವರ್ಡಿನಂಥ ಖಾತೆಯ ಕೀಲಿಯೂ ಅದರ ಹಿಂದೆಯೇ ಇತ್ತು.

ಪರೀಕ್ಷೆ ಮಾಡುತ್ತಿದ್ದ ಒಬ್ಬರು ಕರೆ ಮಾಡಿ, ‘ಈ ವಿವರವನ್ನು ನಮ್ಮ ಅಣ್ಣನ ನಂಬರಿಗೂ ಮೆಸೇಜ್ ಮಾಡಿ’ ಅಂದರು. ಏಜೆಂಟ್ ಮಾಡಿಬಿಟ್ಟಿತು. ಮರ್ಯಾದೆಯ ಕೋರಿಕೆ, ಮರ್ಯಾದೆಯ ಉತ್ತರ. ಆದರೆ ಅದರ ಅರ್ಥ ಏನು ನೋಡಿ. ಕರೆ ಮಾಡುವ ಯಾರು ಬೇಕಾದರೂ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಖರ್ಚಿನಲ್ಲಿ, ಯಾವ ನಂಬರಿಗೆ ಬೇಕಾದರೂ ಮೆಸೇಜ್ ಹಾರಿಸಬಹುದು. ದುಬಾರಿ ನಂಬರುಗಳಿಗೆ ಕರೆ, ಮೆಸೇಜ್ ಹೋಗುವಂತೆ ಮಾಡಿ ಹಣ ಹೊಡೆಯುವ ವಂಚನೆ ಈ ಕ್ಷೇತ್ರದಲ್ಲಿ ಹಳೆಯದು. ಅದಕ್ಕೆ ಇಲ್ಲಿ ಬಾಗಿಲು ತೆರೆದೇ ಇತ್ತು.

ಇದಕ್ಕೆ ಪ್ರಾಂಪ್ಟಿನಲ್ಲಿ (ಮಾದರಿಗೆ ಬರೆದುಕೊಡುವ ಸೂಚನೆಯಲ್ಲಿ) ‘ಬೇರೆ ನಂಬರಿಗೆ ಕಳಿಸಬೇಡ’ ಅಂತ ಬರೆದರೆ ಸಾಕಾಗುವುದಿಲ್ಲ. ಮಾತಿನಲ್ಲಿ ಹಾಕಿದ ನಿಷೇಧವನ್ನು ಮಾತಿನಲ್ಲೇ ದಾಟಬಹುದು. ತಂಡ ಸರಿಯಾದ ನಿರ್ಧಾರ ಮಾಡಿತು: ದೊಡ್ಡ ಟೂಲ್ ತೆಗೆದು ನಾಲ್ಕು ಸಣ್ಣ ಟೂಲ್ ಕೊಟ್ಟಿತು. ಬುಕಿಂಗ್ ನೋಡು, ದಿನ ಬದಲಿಸು, ಖಚಿತಪಡಿಸುವ ಮೆಸೇಜ್ ಕಳಿಸು, ಸಿಬ್ಬಂದಿಗೆ ಜೋಡಿಸು. ಮೆಸೇಜ್ ಕಳಿಸುವ ಟೂಲಿನಲ್ಲಿ ನಂಬರ್ ಹಾಕುವ ಜಾಗವೇ ಇಲ್ಲ. ಬುಕಿಂಗಿನಲ್ಲಿ ಯಾವ ನಂಬರ್ ಇದೆಯೋ ಅದಕ್ಕೇ ಹೋಗುತ್ತದೆ. ಕೀಲಿ ಸರ್ವರಿನಲ್ಲೇ ಉಳಿಯಿತು, ಮಾದರಿಯ ಕಣ್ಣಿಗೆ ಅದು ಬೀಳುವುದೇ ಇಲ್ಲ.

ತೊಂದರೆ

ಇಷ್ಟಾದ ಮೇಲೆ ದಿನ ಬದಲಿಸುವ ಕರೆಗಳಲ್ಲಿ ಒಂದು ಪಾಲನ್ನು ಮಾತ್ರ ಏಜೆಂಟಿಗೆ ಬಿಟ್ಟರು. ಕರೆ ಶುರುವಾಗುತ್ತಲೇ ‘ನಾನು ಸ್ವಯಂಚಾಲಿತ ಸಹಾಯಕ, ಕರೆ ರೆಕಾರ್ಡ್ ಆಗುತ್ತಿದೆ’ ಅಂತ ಅದು ಹೇಳುತ್ತಿತ್ತು. ಬೇಕಾದರೆ ಸಿಬ್ಬಂದಿಯನ್ನು ಕೇಳಬಹುದಿತ್ತು. ಮೊದಮೊದಲು ಎಲ್ಲರಿಗೂ ಖುಷಿ. ಮಾತು ಸ್ಪಷ್ಟ, ಕರೆ ಬೇಗ ಮುಗಿಯುತ್ತಿತ್ತು.

ಆಮೇಲೆ ಒಂದು ಬಗೆಯ ದೂರು ಬರತೊಡಗಿತು. ‘ನಾನು ಆ ಹೊತ್ತಿಗೆ ಒಪ್ಪೇ ಇರಲಿಲ್ಲ.’ ಟೆಕ್ನಿಷಿಯನ್ ಹೋದಾಗ ಮನೆಗೆ ಬೀಗ. ಇನ್ನೊಂದು ಕಡೆ ಬೆಳಿಗ್ಗೆಯಿಂದ ರಜೆ ಹಾಕಿ ಕಾದು ಕೂತವರು, ಟೆಕ್ನಿಷಿಯನ್ ಬಂದಿದ್ದು ಸಂಜೆ. ತಂಡ ಲಾಗ್ (ವ್ಯವಸ್ಥೆ ಬರೆದಿಟ್ಟ ದಾಖಲೆ) ತೆಗೆದು ನೋಡಿದರೆ ಎಲ್ಲವೂ ಸರಿಯಾಗಿತ್ತು. ಆ ಬೀಗದ ಮನೆಯವರ ಕರೆಯ ಪಠ್ಯ ಹೀಗಿತ್ತು:

ಏಜೆಂಟ್: ನಿಮ್ಮ ವಾಷಿಂಗ್ ಮಷೀನ್ ರಿಪೇರಿಯನ್ನು ಶುಕ್ರವಾರಕ್ಕೆ ಹಾಕಬಹುದು. ಆದರೆ ಬೆಳಿಗ್ಗೆ ಸಮಯ ಖಾಲಿ ಇಲ್ಲ, ಸಂಜೆ ನಾಲ್ಕರಿಂದ ಆರರ ಒಳಗೆ ಬರುತ್ತಾರೆ. ಆಗಬಹುದಾ?

ಗ್ರಾಹಕರು: ಹ್ಞಾ, ಆಯ್ತು ಆಯ್ತು.

ಏಜೆಂಟ್: ಸರಿ, ಬದಲಾಯಿಸಿದ್ದೇನೆ. ಮೆಸೇಜ್ ಕಳಿಸಿದ್ದೇನೆ. ಧನ್ಯವಾದ.

ಇದನ್ನು ಓದಿದ ಯಾರಾದರೂ ಗ್ರಾಹಕರೇ ಮರೆತಿದ್ದಾರೆ ಅಂತಾರೆ, ಅಲ್ವಾ? ತಂಡವೂ ಹಾಗೇ ಅಂದುಕೊಂಡಿತು. ಮಾದರಿ ಹೇಳಬೇಕಾದದ್ದನ್ನೆಲ್ಲ ಹೇಳಿದೆ, ಕೇಳಿದೆ, ಒಪ್ಪಿಗೆ ಪಡೆದಿದೆ. ಒಂದೆರಡು ದೂರಾಗಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದರೋ ಏನೋ. ಆದರೆ ದೂರು ನಿಲ್ಲಲಿಲ್ಲ.

ಏನೇನು ಮಾಡಿ ನೋಡಿದರು

ಮೊದಲು ಪ್ರಾಂಪ್ಟ್ ಬಿಗಿ ಮಾಡಿದರು. ದಿನ, ಸಮಯ ಎರಡನ್ನೂ ಪ್ರತಿ ಸಲ ಪೂರ್ತಿ ಹೇಳು, ಕೊನೆಗೆ ಇನ್ನೊಮ್ಮೆ ಹೇಳು. ಏಜೆಂಟ್ ಶಿಸ್ತಾಗಿ ಪಾಲಿಸಿತು. ವಾಕ್ಯಗಳು ಉದ್ದವಾದವು. ವಾಕ್ಯ ಉದ್ದವಾದಷ್ಟೂ ಜನ ಮಧ್ಯೆ ಬಾಯಿ ಹಾಕುವುದು ಹೆಚ್ಚಾಯಿತು. ದೂರು ಕಡಿಮೆಯಾಗಲಿಲ್ಲ.

ಮಾದರಿಯೇ ಸರಿಯಿಲ್ಲವೇನೋ ಅಂತ ಇನ್ನೂ ದೊಡ್ಡದನ್ನು ಹಾಕಿ ನೋಡಿದರು. ಅದು ನಿಧಾನ. ಫೋನಿನಲ್ಲಿ ನಿಧಾನ ಅನ್ನುವುದು ಬರೀ ಬೇಸರದ ವಿಷಯ ಅಲ್ಲ, ಅದು ಮಾತುಕತೆಯ ದಿಕ್ಕನ್ನೇ ಕೆಡಿಸುತ್ತದೆ. ಜನ ಪರಸ್ಪರ ಮಾತಾಡುವಾಗ ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು ಅಂತ ಹತ್ತು ಭಾಷೆಗಳನ್ನು ಹೋಲಿಸಿದ 2009ರ ಒಂದು ಅಧ್ಯಯನ ತೋರಿಸಿದೆ. ಇಲ್ಲಿ ಧ್ವನಿ ಪಠ್ಯವಾಗಬೇಕು, ಮಾತು ಮುಗಿಯಿತೋ ಇಲ್ಲವೋ ಅಂತ ತೀರ್ಮಾನವಾಗಬೇಕು, ಮಾದರಿ ಯೋಚಿಸಬೇಕು, ಬುಕಿಂಗ್ ವ್ಯವಸ್ಥೆಯನ್ನು ಕೇಳಬೇಕು, ಉತ್ತರ ಧ್ವನಿಯಾಗಬೇಕು. ಎರಡು ಸೆಕೆಂಡ್ ಮೌನ ಬಿದ್ದರೆ ಆ ಕಡೆಯವರು ‘ಹಲೋ?’ ಅಂತಾರೆ.

ಆ ‘ಹಲೋ’ ಏನು ಮಾಡುತ್ತಿತ್ತು ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಉತ್ತರ ಲೈನಿಗೆ ಹೊರಡುವಷ್ಟರಲ್ಲಿ ‘ಹಲೋ’ ಬಂತು. ಗ್ರಾಹಕರು ಮಧ್ಯೆ ಮಾತಾಡಿದರು ಅಂತ ವ್ಯವಸ್ಥೆ ಅಂದುಕೊಂಡಿತು. ಹೊರಡುತ್ತಿದ್ದ ಉತ್ತರವನ್ನು ಅಳಿಸಿತು. ‘ಹಲೋ’ಗೆ ಉತ್ತರ ಯೋಚಿಸಲು ಮತ್ತೆ ಮಾದರಿಯ ಬಳಿ ಹೋಯಿತು. ಮತ್ತೆ ಎರಡು ಸೆಕೆಂಡ್ ಮೌನ. ಮತ್ತೆ ‘ಹಲೋ, ಕೇಳಿಸ್ತಿದೆಯಾ?’ ಮತ್ತೆ ಅಳಿಸು. ಹೀಗೆ ಸುಮ್ನೆ ಸುತ್ತು ಹೊಡೆದು, ಗ್ರಾಹಕರು ಫೋನ್ ಇಟ್ಟ ಕರೆಗಳು ಇದ್ದವು. ಪಠ್ಯದಲ್ಲಿ ಮಾತ್ರ ಏಜೆಂಟ್ ಪ್ರತಿ ಸಲವೂ ಚೆನ್ನಾಗಿ ಉತ್ತರಿಸಿದ ಹಾಗೇ ಕಾಣುತ್ತಿತ್ತು! ತಂಡ ಚಿಕ್ಕ, ವೇಗದ ಮಾದರಿಗೆ ವಾಪಸ್ ಬಂತು. ಬುಕಿಂಗ್ ವ್ಯವಸ್ಥೆಯನ್ನು ಕೇಳುವ ಮೊದಲು ‘ಒಂದು ನಿಮಿಷ, ನೋಡ್ತೀನಿ’ ಅಂತ ಹೇಳಿಸಿದರು. ಸುತ್ತು ನಿಂತಿತು. ‘ನಾನು ಒಪ್ಪಿರಲಿಲ್ಲ’ ದೂರು ನಿಲ್ಲಲಿಲ್ಲ.

ಹಾಗಾದರೆ ಏಜೆಂಟ್ ಮಾತಾಡುವಾಗ ಗ್ರಾಹಕರ ಮಾತಿಗೆ ಕಿವಿಗೊಡುವುದೇ ಬೇಡ ಅಂತ ಒಂದು ಪ್ರಯತ್ನ. ಅದನ್ನು ಬೇಗ ಕೈಬಿಟ್ಟರು. ಯಾರೋ ಹೇಳುತ್ತಿರುವುದನ್ನು ಲೆಕ್ಕಿಸದೆ ತನ್ನ ಪಾಡಿಗೆ ಓದುತ್ತಾ ಹೋಗುವ ಧ್ವನಿಯನ್ನು ಯಾರೂ ಸಹಿಸುವುದಿಲ್ಲ.

ಉಳಿದದ್ದು ಮೆಸೇಜ್. ಕರೆ ಮುಗಿದ ಮೇಲೆ ದಿನ, ಸಮಯ ಬರೆದು ಕಳಿಸುತ್ತಿದ್ದರಲ್ಲ, ಅದನ್ನು ನೋಡಿಯಾದರೂ ಗ್ರಾಹಕರಿಗೆ ಗೊತ್ತಾಗಬೇಕಿತ್ತು. ಇಲ್ಲಿ ಒಂದು ಮುಖ್ಯ ವಿಷಯ ಹೊರಬಿತ್ತು. ಮೆಸೇಜ್ ಎಪಿಐಗೆ ವಿನಂತಿ ಕಳಿಸಿದರೆ ತಕ್ಷಣ ಬರುವ ಯಶಸ್ಸಿನ ಉತ್ತರದ ಅರ್ಥ ‘ಸರತಿಗೆ ಹಾಕಿಕೊಂಡಿದ್ದೇನೆ’ ಅಂತ ಮಾತ್ರ. ನಿಜವಾಗಿ ತಲುಪಿತೋ ಇಲ್ಲವೋ ಅನ್ನುವುದು ಆಮೇಲೆ ಬೇರೆ ವೆಬ್‌ಹುಕ್ಕಿನಲ್ಲಿ ಬರುತ್ತದೆ. ಕಳಿಸಲಾಗಿದೆ, ತಲುಪಿದೆ, ತಲುಪಲಿಲ್ಲ, ವಿಫಲ, ಹೀಗೆ. ಏಜೆಂಟ್ ಮೊದಲ ಉತ್ತರ ನೋಡಿಯೇ ‘ಮೆಸೇಜ್ ಕಳಿಸಿದ್ದೇನೆ’ ಅಂದು ಕರೆ ಮುಗಿಸುತ್ತಿತ್ತು. ತಲುಪಲಿಲ್ಲ ಅನ್ನುವ ಸುದ್ದಿ ಬಂದಾಗ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರುತ್ತಿರಲಿಲ್ಲ. ಕೆಲವರು ಕೊಟ್ಟಿದ್ದು ಲ್ಯಾಂಡ್‌ಲೈನ್ ನಂಬರ್. ಕೆಲವರ ಫೋನ್ ಆಫ್ ಆಗಿತ್ತು.

ಮೆಸೇಜಿನ ಉದ್ದವೂ ಒಂದು ತಲೆನೋವು. ಇಂಗ್ಲಿಷ್ ಅಕ್ಷರದ ಎಸ್‌ಎಂಎಸ್‌ಗೆ 160 ಅಕ್ಷರದ ಮಿತಿ. ಕನ್ನಡದಂಥ ಲಿಪಿಯಲ್ಲಿ ಬರೆದರೆ ಅದು 70ಕ್ಕೆ ಇಳಿಯುತ್ತದೆ. ಅದಕ್ಕಿಂತ ಉದ್ದವಾದರೆ ತುಂಡಿಗೆ 67ರಂತೆ ಒಡೆದು ಹೋಗುತ್ತದೆ. ಅದೂ ನಾವು ಎಣಿಸುವ ಅಕ್ಷರದ ಲೆಕ್ಕ ಅಲ್ಲ. ‘ಸ್ತ್ರೀ’ ನಮಗೆ ಒಂದಕ್ಷರ. ಅಲ್ಲಿ ಅದು ಆರು, ಯಾಕೆಂದರೆ ಪ್ರತಿ ವ್ಯಂಜನ, ಪ್ರತಿ ಹಲಂತ, ಪ್ರತಿ ಸ್ವರಚಿಹ್ನೆ ಬೇರೆ ಬೇರೆ. ಏಜೆಂಟ್ ಉಪಚಾರದ ಮಾತೆಲ್ಲ ಸೇರಿಸಿ ಬರೆಯುತ್ತಿದ್ದ ಮೆಸೇಜುಗಳು ನಾಲ್ಕೈದು ತುಂಡಾಗುತ್ತಿದ್ದವು. ಸಮಯ ಇದ್ದದ್ದು ಕೊನೆಯ ತುಂಡಿನಲ್ಲಿ. ಮೆಸೇಜಿನ ಮಾತನ್ನು ಮಾದರಿ ಬರೆಯಬಾರದು, ಗಟ್ಟಿ ಮಾಡಿದ ಒಂದು ನಮೂನೆಗೆ ದಿನ, ಸಮಯ ತುಂಬಿದರೆ ಸಾಕು ಅಂತ ತೀರ್ಮಾನವಾಯಿತು. ಸಮಯ ಮೊದಲ ಸಾಲಿಗೆ ಬಂತು.

ತಿರುವು

ತಂಡದ ಒಬ್ಬ ಎಂಜಿನಿಯರ್ ಬೀಗದ ಮನೆಯ ಆ ಕರೆಯ ರೆಕಾರ್ಡಿಂಗನ್ನೇ ತೆಗೆದು ಕೇಳಿದರು. ಎರಡೂ ಕಡೆಯ ಧ್ವನಿ ಬೇರೆ ಬೇರೆ ಚಾನೆಲ್ಲಿನಲ್ಲಿ ಇತ್ತು. ಅಲ್ಲಿಯವರೆಗೆ ಎಲ್ಲರೂ ಪಠ್ಯ ಓದುತ್ತಿದ್ದರು. ಕೇಳಿದಾಗ ಗೊತ್ತಾದದ್ದು ಇದು:

‘ನಿಮ್ಮ ವಾಷಿಂಗ್ ಮಷೀನ್ ರಿಪೇರಿಯನ್ನು ಶುಕ್ರವಾರಕ್ಕೆ ಹಾಕಬಹುದು. ಆದ—’

‘ಹ್ಞಾ, ಆಯ್ತು ಆಯ್ತು.’

ಅಷ್ಟೇ. ಬೆಳಿಗ್ಗೆ ಖಾಲಿ ಇಲ್ಲ ಅನ್ನುವುದು, ಸಂಜೆ ನಾಲ್ಕರಿಂದ ಆರು ಅನ್ನುವುದು ಲೈನಿಗೆ ಹೋಗಲೇ ಇಲ್ಲ. ಗ್ರಾಹಕರು ಮಾತಾಡಿದ ಕೂಡಲೇ ಉಳಿದ ಧ್ವನಿ ಅಳಿಸಿಹೋಗಿತ್ತು. ಅದು ಹಾಗೇ ಆಗಬೇಕಾದದ್ದು, ವಿನ್ಯಾಸವೇ ಹಾಗಿತ್ತು. ಆದರೆ ಮಾದರಿಯ ಮುಂದಿದ್ದ ಮಾತುಕತೆಯ ದಾಖಲೆಯಲ್ಲಿ ಪೂರ್ತಿ ವಾಕ್ಯ ಇತ್ತು. ಮಾದರಿ ಉತ್ತರ ತಯಾರಿಸುವುದು ಆಡುವ ವೇಗಕ್ಕಿಂತ ಎಷ್ಟೋ ಪಾಲು ಬೇಗ. ಹತ್ತು ಸೆಕೆಂಡಿನ ಮಾತು ಒಂದೆರಡು ಸೆಕೆಂಡಿನಲ್ಲೇ ತಯಾರಾಗಿ ಪ್ಲಾಟ್‌ಫಾರ್ಮಿನ ಬಫರಿನಲ್ಲಿ (ನುಡಿಸುವವರೆಗೆ ಧ್ವನಿ ಕಾಯುವ ಜಾಗದಲ್ಲಿ) ಕೂತಿರುತ್ತದೆ. ತಯಾರಾದ ಕೂಡಲೇ ಸರ್ವರ್ ಅದನ್ನು ‘ಏಜೆಂಟ್ ಹೇಳಿದ್ದು’ ಅಂತ ಬರೆದುಕೊಳ್ಳುತ್ತಿತ್ತು.

ಹಾಗಾಗಿ ಮಾದರಿಯ ಲೆಕ್ಕದಲ್ಲಿ ‘ಆಯ್ತು’ ಅನ್ನುವುದು ಸಂಜೆಯ ಸಮಯಕ್ಕೆ ಕೊಟ್ಟ ಒಪ್ಪಿಗೆ. ಗ್ರಾಹಕರ ಲೆಕ್ಕದಲ್ಲಿ ಅದು ಶುಕ್ರವಾರಕ್ಕೆ ಕೊಟ್ಟ ಒಪ್ಪಿಗೆ, ಮೊದಲಿನ ಬುಕಿಂಗಿನಂತೆ ಬೆಳಿಗ್ಗೆಗೆ. ಇಬ್ಬರೂ ಪ್ರಾಮಾಣಿಕರು. ಇಬ್ಬರ ಮುಂದಿದ್ದ ಮಾತುಕತೆಯೇ ಬೇರೆ ಬೇರೆ. ಗ್ರಾಹಕರು ಮರೆತಿದ್ದಾರೆ ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಅವರು ಹೇಳುತ್ತಿದ್ದದ್ದು ಅಕ್ಷರಶಃ ನಿಜವಾಗಿತ್ತು.

ಮಾಡಿದ ಬದಲಾವಣೆ

ತಂಡ ಇಲ್ಲಿಂದ ಮುಂದೆ ಮಾದರಿಯನ್ನು ತಿದ್ದುವುದು ಬಿಟ್ಟು, ಅದು ನೋಡುವ ದಾಖಲೆಯನ್ನು ತಿದ್ದಲು ಹೊರಟಿತು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ಬೆಲೆಬಾಳುವ ನಿರ್ಧಾರ ಇದು.

ಧ್ವನಿ ಹರಿಸುವ ಪ್ಲಾಟ್‌ಫಾರ್ಮುಗಳಲ್ಲಿ ಇದಕ್ಕೆ ಬೇಕಾದ ಸೌಲಭ್ಯ ಇರುತ್ತದೆ. ಟ್ವಿಲಿಯೊದಲ್ಲಿ ಅದರ ಹೆಸರು ಮಾರ್ಕ್. ಧ್ವನಿಯ ಒಂದು ತುಂಡು ಕಳಿಸಿ, ಅದರ ಹಿಂದೆಯೇ ಒಂದು ಗುರುತು ಕಳಿಸಬೇಕು. ಆ ತುಂಡು ನುಡಿಸಿ ಮುಗಿದಾಗ ಪ್ಲಾಟ್‌ಫಾರ್ಮ್ ಅದೇ ಗುರುತನ್ನು ವಾಪಸ್ ಕಳಿಸುತ್ತದೆ. ಗ್ರಾಹಕರು ಮಧ್ಯೆ ಮಾತಾಡಿದರೆ ಕ್ಲಿಯರ್ ಅನ್ನುವ ಸಂದೇಶ ಕಳಿಸಿ ಬಫರ್ ಖಾಲಿ ಮಾಡಿಸಬಹುದು. ತಂಡ ಏಜೆಂಟಿನ ಉತ್ತರವನ್ನು ಚಿಕ್ಕ ಚಿಕ್ಕ ಪದಗುಚ್ಛಗಳಾಗಿ ಒಡೆದು, ಪ್ರತಿಯೊಂದಕ್ಕೂ ಗುರುತು ಹಾಕಿತು. ಗುರುತು ವಾಪಸ್ ಬಂದ ಮೇಲಷ್ಟೇ ಆ ಗುಚ್ಛ ‘ಹೇಳಿದ್ದು’ ಅಂತ ದಾಖಲಾಗುತ್ತದೆ.

ಇಲ್ಲೊಂದು ಹಳ್ಳ ಇದೆ, ಬೀಳುವವರು ತುಂಬ. ಬಫರ್ ಖಾಲಿ ಮಾಡಿಸಿದಾಗ, ಅಳಿಸಿಹೋದ ತುಂಡುಗಳ ಗುರುತುಗಳೂ ವಾಪಸ್ ಬರುತ್ತವೆ. ನುಡಿಸಿದ್ದರಿಂದ ಬಂದ ಗುರುತಿಗೂ ಅಳಿಸಿದ್ದರಿಂದ ಬಂದ ಗುರುತಿಗೂ ನೋಡಲು ವ್ಯತ್ಯಾಸ ಇರುವುದಿಲ್ಲ. ಕ್ಲಿಯರ್ ಕಳಿಸಿದ ಕ್ಷಣವನ್ನು ಬರೆದಿಟ್ಟುಕೊಂಡು, ಅದರ ನಂತರ ಬಂದ ಹಳೆಯ ಗುರುತುಗಳನ್ನು ‘ಕೇಳಿಸಲಿಲ್ಲ’ ಅಂತ ಲೆಕ್ಕ ಹಾಕಬೇಕು. ಇದನ್ನು ಮಾಡದಿದ್ದರೆ ಇಷ್ಟೆಲ್ಲ ಮಾಡಿಯೂ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತೇವೆ.

ದಾಖಲೆ ಸರಿಯಾದ ಕೂಡಲೇ ಮಾದರಿಯ ನಡವಳಿಕೆ ತಾನಾಗಿಯೇ ಬದಲಾಯಿತು. ಈಗ ಅದಕ್ಕೆ ಕಾಣುವುದು ‘ಶುಕ್ರವಾರಕ್ಕೆ ಹಾಕಬಹುದು’ ಅನ್ನುವವರೆಗಿನ ಮಾತು, ಆಮೇಲೆ ‘ಇಲ್ಲಿ ಮಾತು ನಿಂತಿತು’ ಅನ್ನುವ ಸೂಚನೆ, ಆಮೇಲೆ ಗ್ರಾಹಕರ ‘ಆಯ್ತು’. ಅದು ಹೇಳಿದ್ದು: ‘ಸರಿ, ಶುಕ್ರವಾರ. ಆದರೆ ಬೆಳಿಗ್ಗೆ ಆಗಲ್ಲ, ಸಂಜೆ ನಾಲ್ಕರಿಂದ ಆರು. ಪರವಾಗಿಲ್ವಾ?’ ಪ್ರಾಂಪ್ಟಿನಲ್ಲಿ ಒಂದು ಪದವೂ ಬದಲಾಗಿರಲಿಲ್ಲ. ಹಿಂದೆ ಬಿಗಿ ಮಾಡಲು ಸೇರಿಸಿದ್ದ ಸಾಲುಗಳನ್ನು ತೆಗೆದೂ ಹಾಕಿದರು.

ಅಷ್ಟಕ್ಕೇ ನಿಲ್ಲಿಸದಿರುವುದು ಒಳ್ಳೆಯದಾಯಿತು. ದಿನ ಬದಲಿಸುವ ಟೂಲನ್ನೂ ಎರಡು ಹೆಜ್ಜೆ ಮಾಡಿದರು. ಮೊದಲ ಹೆಜ್ಜೆಯಲ್ಲಿ ಏಜೆಂಟ್ ಒಂದು ಪ್ರಸ್ತಾವ ಮಾಡುತ್ತದೆ. ಸರ್ವರ್ ಆ ಸಮಯವನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಎರಡನೇ ಹೆಜ್ಜೆಯಲ್ಲಿ ಅದನ್ನು ಗಟ್ಟಿ ಮಾಡುತ್ತದೆ. ನಡುವೆ ಸರ್ವರ್ ತಾನೇ ನೋಡುವುದು ಎರಡು ವಿಷಯ. ದಿನ ಮತ್ತು ಸಮಯ ಇರುವ ಗುಚ್ಛ ಲೈನಿನಲ್ಲಿ ಪೂರ್ತಿ ನುಡಿದಿದೆಯಾ? ಅದಾದ ಮೇಲೆ ಗ್ರಾಹಕರು ಏನಾದರೂ ಹೇಳಿದ್ದಾರಾ? ಎರಡಕ್ಕೂ ಹೌದು ಅಂತಿಲ್ಲದಿದ್ದರೆ ಏಜೆಂಟ್ ಎಷ್ಟೇ ಕೇಳಿದರೂ ಬುಕಿಂಗ್ ಬದಲಾಗುವುದಿಲ್ಲ. ಒಪ್ಪಿಗೆಯ ಅರ್ಥ ಬಿಡಿಸುವುದು ಮಾದರಿಯ ಕೆಲಸ. ಒಪ್ಪಿಗೆಗೆ ಮೊದಲು ವಿಷಯ ಕಿವಿಗೆ ಬಿದ್ದಿದೆಯಾ ಅಂತ ನೋಡುವುದು ಕೋಡಿನ ಕೆಲಸ. ಅದಕ್ಕೆ ಮಾದರಿಯ ಜಾಣತನ ಬೇಕಿಲ್ಲ.

ಇದೇ ಕಣ್ಣಿನಿಂದ ನೋಡಿದಾಗ ವಾಟ್ಸಾಪ್ ಕಡೆಯ ಒಂದು ಹಳೆಯ ಗೊಂದಲವೂ ಬಿಡಿಸಿಕೊಂಡಿತು. ಅಲ್ಲಿ ಆಗಾಗ ಒಂದೇ ಕೋರಿಕೆಗೆ ಎರಡು ಬುಕಿಂಗ್ ಆಗುತ್ತಿತ್ತು. ಏಜೆಂಟ್ ಗೊಂದಲಕ್ಕೆ ಬೀಳುತ್ತಿದೆ ಅಂತ ಟಿಕೆಟ್ಟಿನಲ್ಲಿ ಬರೆದಿತ್ತು. ನಿಜವಾಗಿ ಆಗುತ್ತಿದ್ದದ್ದು ಬೇರೆ. ಮೆಸೇಜ್ ಬಂದ ವೆಬ್‌ಹುಕ್ಕಿನ ಒಳಗೇ ಮಾದರಿಯನ್ನು ಓಡಿಸುತ್ತಿದ್ದರು. ಉತ್ತರ ತಡವಾದರೆ ವಿನಂತಿ ವಿಫಲವಾಯಿತು ಅಂತ ಎಣಿಸಿ, ಅದನ್ನೇ ಮತ್ತೆ ಕಳಿಸಲಾಗುತ್ತಿತ್ತು. ಏಜೆಂಟಿನ ಪಾಲಿಗೆ ಅದು ಹೊಸ ಮೆಸೇಜ್. ಕನಿಷ್ಠ ಒಂದು ಸಲ ತಲುಪಿಸುವುದು ವೆಬ್‌ಹುಕ್ಕುಗಳ ಸಾಮಾನ್ಯ ಒಪ್ಪಂದ. ಒಂದೇ ಸಲ ತಲುಪಿಸುತ್ತೇವೆ ಅಂತ ಅವು ಮಾತು ಕೊಟ್ಟಿರುವುದಿಲ್ಲ. ಬಂದ ಕೂಡಲೇ ಸಹಿ ಪರೀಕ್ಷಿಸಿ (ನಿಜವಾಗಿ ಪ್ಲಾಟ್‌ಫಾರ್ಮಿನಿಂದಲೇ ಬಂದದ್ದಾ ಅಂತ), ಸರತಿಗೆ ಹಾಕಿ, 200 ಅಂತ, ಅಂದರೆ ‘ಸಿಕ್ಕಿತು’ ಅಂತ ಉತ್ತರ ಕೊಟ್ಟು, ಯೋಚನೆಯನ್ನೆಲ್ಲ ಆಮೇಲೆ ಬೇರೆ ಕಡೆ ಮಾಡುವಂತೆ ಬದಲಿಸಿದರು. ಮೆಸೇಜಿನ ಗುರುತಿನ ಸಂಖ್ಯೆ ಮೊದಲೇ ನೋಡಿದ್ದಾದರೆ ಕೈಬಿಡುವುದು. ಸ್ಥಿತಿಯ ಸುದ್ದಿಗಳೂ ಹಿಂದುಮುಂದಾಗಿ ಬರಬಹುದು, ‘ತಲುಪಿದೆ’ ಬಂದ ಮೇಲೆ ‘ಕಳಿಸಲಾಗಿದೆ’ ಬರಬಹುದು. ಆದ್ದರಿಂದ ಸ್ಥಿತಿ ಮುಂದಕ್ಕೆ ಮಾತ್ರ ಹೋಗಬೇಕು, ಹಿಂದಕ್ಕೆ ಬರಬಾರದು.

ತಲುಪಲಿಲ್ಲ ಅನ್ನುವ ಸುದ್ದಿಗೂ ಈಗ ಒಬ್ಬ ಯಜಮಾನ ಇದ್ದಾರೆ. ಅಂಥ ಬುಕಿಂಗ್ ಸಿಬ್ಬಂದಿಯ ಪಟ್ಟಿಗೆ ಹೋಗುತ್ತದೆ, ಅವರು ಕರೆ ಮಾಡಿ ಹೇಳುತ್ತಾರೆ. ಏಜೆಂಟ್ ಕರೆಯಲ್ಲಿ ‘ಮೆಸೇಜ್ ಕಳಿಸಿದ್ದೇನೆ’ ಅನ್ನುವುದಿಲ್ಲ, ‘ಮೆಸೇಜ್ ಬರುತ್ತೆ, ಬರದಿದ್ದರೆ ನಾವೇ ಕರೆ ಮಾಡ್ತೀವಿ’ ಅನ್ನುತ್ತದೆ.

ಆಮೇಲೆ ಏನಾಯಿತು

‘ನಾನು ಒಪ್ಪಿರಲಿಲ್ಲ’ ಅನ್ನುವ ಬಗೆಯ ದೂರು ಹೆಚ್ಚುಕಡಿಮೆ ನಿಂತುಹೋಯಿತು. ಕರೆಗಳು ಮಾತ್ರ ಮೊದಲಿಗಿಂತ ಸ್ವಲ್ಪ ಉದ್ದವಾದವು. ಸಂಸ್ಥೆಯ ಮೇಲಿನವರೊಬ್ಬರಿಗೆ ಇದು ಹಿಡಿಸಲಿಲ್ಲ. ಕರೆ ಬೇಗ ಮುಗಿಸುವುದು ಅವರ ಅಳತೆಯಾಗಿತ್ತು. ಆದರೆ ಮೊದಲಿನ ಆ ವೇಗದಲ್ಲಿ ಒಂದು ಪಾಲು ಬಂದದ್ದೇ ಅರ್ಧ ಹೇಳಿದ ಮಾತಿಗೆ ಪೂರ್ತಿ ಒಪ್ಪಿಗೆ ಬರೆದುಕೊಂಡದ್ದರಿಂದ. ಟೆಕ್ನಿಷಿಯನ್ ಸುಮ್ನೆ ಹೋಗಿ ಬಂದ ಲೆಕ್ಕವನ್ನು ಪಕ್ಕಕ್ಕೆ ಇಟ್ಟು ತೋರಿಸಿದ ಮೇಲೆ ಅವರೂ ಒಪ್ಪಿದರು.

ಹೊಸ ತೊಡಕು ಒಂದು ಎದ್ದಿತು. ನಾವು ಫೋನಿನಲ್ಲಿ ಕೇಳಿಸಿಕೊಳ್ಳುವಾಗ ಸುಮ್ಮನಿರುವುದಿಲ್ಲ. ‘ಹ್ಞಾ’, ‘ಹ್ಞೂಂ’, ‘ಸರಿ’ ಅನ್ನುತ್ತಲೇ ಇರುತ್ತೇವೆ. ಕೇಳಿಸ್ತಿದೆ, ಮುಂದುವರಿಸಿ ಅಂತ ಅದರ ಅರ್ಥ. ವ್ಯವಸ್ಥೆಗೆ ಪ್ರತಿ ‘ಹ್ಞೂಂ’ ಕೂಡ ಅಡ್ಡಮಾತು. ಪ್ರತಿ ಸಲ ಮಾತು ನಿಲ್ಲಿಸಿ, ಯೋಚಿಸಿ, ಬಾಕಿ ಉಳಿದದ್ದನ್ನು ಹೊಸದಾಗಿ ಹೇಳಲು ಹೊರಡುತ್ತಿತ್ತು. ಚಿಕ್ಕ ಸದ್ದುಗಳನ್ನೆಲ್ಲ ಕಡೆಗಣಿಸೋಣ ಅಂತ ಒಬ್ಬರು ಹೇಳಿದರು. ಆದರೆ ‘ಬೇಡ’ ಕೂಡ ಅಷ್ಟೇ ಚಿಕ್ಕದು. ‘ಅಲ್ಲ’ ಕೂಡ. ಅವುಗಳನ್ನು ಕಡೆಗಣಿಸಿದರೆ ಮತ್ತೆ ಒಪ್ಪದ್ದನ್ನು ಒಪ್ಪಿಸಿದ ಹಾಗಾಗುತ್ತದೆ. ಕೊನೆಗೆ ಉಳಿಸಿಕೊಂಡ ದಾರಿ ಇದು: ಸದ್ದು ಕೇಳಿದ ಕೂಡಲೇ ಏಜೆಂಟಿನ ಧ್ವನಿ ನಿಲ್ಲುತ್ತದೆ, ಆದರೆ ಉಳಿದ ಗುಚ್ಛಗಳು ಸರ್ವರಿನಲ್ಲಿ ಹಾಗೇ ಇರುತ್ತವೆ. ಕೇಳಿದ್ದು ಬರೀ ಹೂಂಗುಟ್ಟುವಿಕೆ ಅಂತ ಪಠ್ಯದಿಂದ ಖಚಿತವಾದರೆ ನಿಂತ ಗುಚ್ಛದಿಂದಲೇ ಮುಂದುವರಿಯುತ್ತದೆ. ಬೇರೆ ಯಾವ ಪದ ಬಂದರೂ ಮಾದರಿಯ ಬಳಿ ಹೋಗುತ್ತದೆ. ಮಾತು ಒಂದೊಂದು ಸಲ ತಡವರಿಸಿದ ಹಾಗೆ ಕೇಳುತ್ತದೆ. ತಪ್ಪು ದಿನಕ್ಕೆ ಬುಕ್ ಆಗುವುದಕ್ಕಿಂತ ಅದೇ ವಾಸಿ ಅಂತ ತಂಡ ಒಪ್ಪಿಕೊಂಡಿದೆ. ನನಗೂ ಹಾಗೇ ಅನಿಸುತ್ತದೆ.

ಸಿಬ್ಬಂದಿಗೆ ಕರೆ ಜೋಡಿಸುವಾಗ ಅವರ ಪರದೆಗೆ ಹೋಗುವ ಸಾರಾಂಶವೂ ಈಗ ‘ಕೇಳಿಸಿದ್ದು’ ದಾಖಲೆಯಿಂದಲೇ ತಯಾರಾಗುತ್ತದೆ. ಇದರಿಂದ ಸಿಬ್ಬಂದಿಗೆ ಆದ ಅನುಕೂಲ ದೊಡ್ಡದು. ‘ನಿಮಗೆ ಆಗಲೇ ಹೇಳಿದ್ದಾರಲ್ಲ’ ಅಂತ ಗ್ರಾಹಕರ ಜೊತೆ ವಾದಕ್ಕಿಳಿಯುವ ಪ್ರಸಂಗ ತಪ್ಪಿತು.

ಇಂಥ ಜೋಡಣೆ ಶುರು ಮಾಡುವವರು ನನ್ನನ್ನು ಕೇಳಿದರೆ, ಮೊದಲ ಪರೀಕ್ಷೆಯಲ್ಲೇ ಏಜೆಂಟಿನ ಮಾತನ್ನು ಬೇಕಂತಲೇ ನಡುವೆ ಕತ್ತರಿಸಿ ನೋಡಿ ಅಂತೀನಿ. ಆಮೇಲೆ ಅದನ್ನೇ ಕೇಳಿ: ನೀವು ಈಗ ನನಗೆ ಏನೇನು ಹೇಳಿದಿರಿ? ನೀವು ಕೇಳಿಸಿಕೊಳ್ಳದ ಒಂದು ಪದ ಅದರ ಉತ್ತರದಲ್ಲಿ ಬಂದರೂ ಮುಂದಿನ ಕೆಲಸ ನಿಲ್ಲಿಸಿ, ಅದನ್ನು ಮೊದಲು ಸರಿಮಾಡಿ. ಮಾದರಿ ಯಾವುದು, ಧ್ವನಿ ಎಷ್ಟು ಚೆಂದ ಅನ್ನುವುದೆಲ್ಲ ಆಮೇಲಿನ ಮಾತು. ಪರಿಶೀಲನೆಗೆ ಕೂತಾಗ ಪಠ್ಯದ ಜೊತೆ ರೆಕಾರ್ಡಿಂಗನ್ನೂ ಕೇಳಿ. ಗ್ರಾಹಕರ ದೂರಿಗೂ ಲಾಗಿಗೂ ತಾಳೆಯಾಗದಿದ್ದಾಗ ಲಾಗನ್ನು ಮೊದಲು ಅನುಮಾನಿಸಿ.

ಒಂದು ವಿಷಯ ಇನ್ನೂ ಬಾಕಿ ಇದೆ. ಸಂಸ್ಥೆಯೇ ಗ್ರಾಹಕರಿಗೆ ಮಾಡುವ ಕರೆಗಳನ್ನು ಏಜೆಂಟಿಗೆ ಕೊಡುವ ಯೋಚನೆ ಇತ್ತು. ಅಲ್ಲಿ ಆ ಕಡೆ ಎತ್ತಿಕೊಳ್ಳುವುದು ವಾಯ್ಸ್‌ಮೇಲ್ ಆಗಿರಬಹುದು, ಮನೆಯ ಮಗು ಆಗಿರಬಹುದು. ಎಲ್ಲ ಗುರುತುಗಳೂ ಸರಿಯಾಗಿ ವಾಪಸ್ ಬರುತ್ತವೆ, ಎಲ್ಲ ಗುಚ್ಛಗಳೂ ಪೂರ್ತಿ ನುಡಿದಿರುತ್ತವೆ. ಕೇಳಬೇಕಾದವರು ಕೇಳಿದರಾ ಅನ್ನುವುದನ್ನು ಗುರುತು ಹೇಳುವುದಿಲ್ಲ. ಎತ್ತಿದ್ದು ಯಂತ್ರವೋ ಮನುಷ್ಯರೋ ಅಂತ ಪತ್ತೆ ಹಚ್ಚುವ ಸೌಲಭ್ಯ ಪ್ಲಾಟ್‌ಫಾರ್ಮುಗಳಲ್ಲಿ ಇದೆ, ಆದರೆ ಅದು ಕೊಡುವುದು ಊಹೆಯನ್ನು. ಬುಕಿಂಗಿನ ಹೆಸರು ಹೇಳಿ ಖಚಿತಪಡಿಸಿಕೊಂಡ ಮೇಲಷ್ಟೇ ಮುಂದಿನ ಮಾತು ಅನ್ನುವ ಒಂದು ಕರಡು ತಯಾರಾಗಿದೆ. ಅದು ಪರೀಕ್ಷೆಯಲ್ಲಿ ನಿಲ್ಲುವವರೆಗೆ ಆ ಕರೆಗಳನ್ನು ಸಿಬ್ಬಂದಿಯೇ ಮಾಡುತ್ತಿದ್ದಾರೆ.